ಹೂಳಬೇಡಿ, ಸುಡಬೇಡಿ: ಎಂಡೋಸಲ್ಫಾನ್ ಪೀಪಾಯಿಗಳಿಗೆ ಉತ್ತರ ಬೇಕು

2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನ್‌ನ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆದಾಗ ನಾವೆಲ್ಲ ಸಂಭ್ರಮಿಸಿದೆವು. ಉಳಿದ ಸರಕು ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಕಡಿಮೆ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇದನ್ನು ಸುರಿಸಿದ ಪ್ಲಾಂಟೇಶನ್ ಕಾರ್ಪೊರೇಷನ್ ಆಫ್ ಕೇರಳದ ಗೋದಾಮುಗಳಲ್ಲಿ ಪೀಪಾಯಿಗಳು ವರ್ಷಗಟ್ಟಲೆ ಉಳಿದವು. ಗಡಿಯಂಚಿನ ಮಿಂಚಿನಪದವಿನ ಪಾಳುಬಾವಿಯಲ್ಲಿ ಈ ವಿಷವನ್ನು ಹೂಳಲಾಗಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಹೂಳುವುದು ವಿಲೇವಾರಿಯಲ್ಲ, ಮರೆಮಾಚುವಿಕೆ. ಮುರಕಲ್ಲಿನ ನೆಲದಲ್ಲಿ ನೀರು ಹೇಗೆ ಇಳಿಯುತ್ತದೆಂದು ಬಾವಿ ತೋಡಿದ ಯಾವ ರೈತನೂ ಹೇಳಬಲ್ಲ.

ಹಾಗಾದರೆ ಸುಡೋಣವೆನ್ನುವರು. ಎಂಡೋಸಲ್ಫಾನ್‌ನ ಒಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ಕುಲುಮೆಯ ಶಾಖ ಸಾಲದಿದ್ದರೆ, ಅಥವಾ ಹೊಗೆ ನಿಧಾನವಾಗಿ ತಣಿದರೆ, ಡಯಾಕ್ಸಿನ್ ಹುಟ್ಟುತ್ತದೆ. ಚಿಮಣಿಯಿಂದ ಹೊರಟದ್ದನ್ನು ಯಾವ ಅಧಿಕಾರಿಯೂ ಹಿಂದಕ್ಕೆ ಕರೆಯಲಾರ.

ಮೂರನೆಯ ದಾರಿಯೊಂದಿದೆ, ಸೂಪರ್‌ಕ್ರಿಟಿಕಲ್ ವಾಟರ್ ಆಕ್ಸಿಡೇಷನ್ ಎಂದು ಅದರ ಹೆಸರು. ನೀರನ್ನು 374 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ವಾತಾವರಣದ ಒತ್ತಡದ ಸುಮಾರು 218 ಪಟ್ಟನ್ನು ಮೀರಿ ಒತ್ತಿದರೆ ಅದು ದ್ರವವೂ ಅಲ್ಲ, ಆವಿಯೂ ಅಲ್ಲ. ಎಣ್ಣೆಯಂಥ ಸಾವಯವ ವಸ್ತು ಮತ್ತು ಆಮ್ಲಜನಕ ಎರಡೂ ಆಗ ಅದರಲ್ಲಿ ಪೂರ್ತಿ ಬೆರೆಯುತ್ತವೆ. ವಿಷದ ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದಕ್ಕೆ ಹಿಡಿಯುವುದು ಕೆಲವು ಸೆಕೆಂಡಿನಿಂದ ಕೆಲವು ನಿಮಿಷ. ಎಲ್ಲವೂ ಮುಚ್ಚಿದ ಪಾತ್ರೆಯೊಳಗೆ. ಹೊರಬರುವುದನ್ನು ಹಿಡಿದಿಟ್ಟು, ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಮತ್ತೆ ಒಳಕ್ಕೆ ಕಳಿಸಬಹುದು. ನನಗೆ ಮುಖ್ಯವಾದದ್ದು ಇದೇ.

ಇದು ಮಂತ್ರದಂಡವಲ್ಲ. ಒಂದು ಕಿಲೋ ಎಂಡೋಸಲ್ಫಾನ್ ಸುಮಾರು ಅರ್ಧ ಕಿಲೋ ಹೈಡ್ರೋಕ್ಲೋರಿಕ್ ಆಮ್ಲ ಕೊಡುತ್ತದೆ, ಜೊತೆಗೆ ಗಂಧಕಾಮ್ಲವನ್ನೂ. ಉಕ್ಕು ಸವೆಯುತ್ತದೆ, ಆಮ್ಲವನ್ನು ಕ್ಷಾರದಿಂದ ತಣಿಸಿದರೆ ಉಪ್ಪು ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಅಮೆರಿಕದ ಕೆಂಟಕಿಯ ಬ್ಲೂ ಗ್ರಾಸ್ ಸೇನಾ ಉಗ್ರಾಣದ ಸುತ್ತಲಿನ ಜನ ರಾಸಾಯನಿಕ ಅಸ್ತ್ರಗಳನ್ನು ಸುಡುವುದನ್ನು ವಿರೋಧಿಸಿ ಸರ್ಕಾರವನ್ನು ಬೇರೆ ದಾರಿಗೆ ತಂದರು. ಅಲ್ಲಿ ಈ ಯಂತ್ರವನ್ನು ಕಟ್ಟಿದ್ದೂ ಉಂಟು, ತೊಂದರೆಗಳಿಂದ ಕೈಬಿಟ್ಟದ್ದೂ ಉಂಟು. ಆದರೂ ಮೂರು ದಶಕಕ್ಕೂ ಮೀರಿ ಅವರು ಪ್ರತಿ ಹಂತದ ಲೆಕ್ಕ ಕೇಳಿದರು. 2023ರ ಜುಲೈಯಲ್ಲಿ ಅಸ್ತ್ರನಾಶ ಮುಗಿಯಿತು. ನಾವು ಒಂದು ಬಾವಿಯ ಲೆಕ್ಕವನ್ನು ಕೇಳಲು ಹಿಂಜರಿಯುತ್ತಿದ್ದೇವೆ.

ಪೀಪಾಯಿಯ ದ್ರವವನ್ನು ಪಂಪಿನಿಂದ ಹರಿಸಬಹುದು, ಬಾವಿಯ ಮಣ್ಣನ್ನು ಹಾಗೆ ಹರಿಸಲಾಗದು. ಮಣ್ಣಿಗೆ ಬೇರೆ ಉಪಚಾರ ಮೊದಲು ಬೇಕು. ಇವೆರಡನ್ನೂ ಒಂದೇ ಟೆಂಡರಿನಲ್ಲಿ ತೂರಿಸುವವರನ್ನು ನಂಬಬೇಡಿ. ವಿದ್ಯಾರ್ಥಿ ಮಿತ್ರರೇ, ಯಾವ ವಿಧಾನವನ್ನು ಯಾರೇ ತಂದರೂ ಎರಡು ಪ್ರಶ್ನೆ ಕೇಳಿ: ಶೇಷವನ್ನು ಹೊರಬಿಡುವ ಮುನ್ನ ಪರೀಕ್ಷಿಸುತ್ತೀರಾ? ವರದಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಗ್ರಾಮಸಭೆಯ ಮುಂದಿಡುತ್ತೀರಾ? ಖರ್ಚಿನ ಮಾತು ಬಂದರೆ, ವಿಷವನ್ನು ಮಾರಿದವರೂ ಸುರಿಸಿದವರೂ ಅದನ್ನು ಭರಿಸಲಿ. ಮಿಂಚಿನಪದವಿನ ಸುತ್ತಲಿನ ಬಾವಿಗಳ ನೀರನ್ನು ಪ್ರತಿ ಮಳೆಗಾಲದ ಮೊದಲೂ ನಂತರವೂ ಪರೀಕ್ಷಿಸುವ ಕೆಲಸ ಮಾತ್ರ ಯಾವ ಯಂತ್ರಕ್ಕೂ ಕಾಯಬೇಕಿಲ್ಲ.