ಆತಿಥ್ಯದ ಪ್ರವೇಶ, ಅರ್ಹತೆಯ ಪ್ರವೇಶ

ಕಾತ್ರಜದ ಘಟ್ಟವನ್ನು ಹಾಯ್ದು ಬರುವ ಹೆದ್ದಾರಿಯು ಪುಣೆಯ ಕನ್ನಡಿಗರ ಪಾಲಿಗೆ ಊರ ದಾರಿ. ದಕ್ಷಿಣಕ್ಕೆ ಹೊರಟರೆ ಸಾತಾರಾ, ಕೊಲ್ಹಾಪುರ, ಬೆಳಗಾವಿಗಳನ್ನು ದಾಟಿ ಅದು ಬೆಂಗಳೂರನ್ನು ಸೇರುತ್ತದೆ. ಅದೇ ಹೆದ್ದಾರಿಯಲ್ಲಿ ಮುಂಬಯಿಯ ದಿಕ್ಕಿಗೆ ಹೊರಟವರಿಗೆ ವಾರಜೆ, ಬಾವಧನಗಳ ಆಚೆಗೆ ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾ ಸಂಕುಲವು ಸಿಗುತ್ತದೆ. 2022ರ ಜನವರಿ 30ರಂದು ಆ ಸಂಕುಲದಲ್ಲಿ ಫಿಲಿಪ್ಪೀನ್ಸ್ ದೇಶದ ಮಹಿಳೆಯರು ಏಷ್ಯಾ ಕಪ್ ಫುಟ್ಬಾಲ್ ಪಂದ್ಯಾವಳಿಯ ಕ್ವಾರ್ಟರ್ ಫೈನಲ್‌ನಲ್ಲಿ ಚೀನೀ ತೈಪೆ ತಂಡವನ್ನು ಎದುರಿಸಿದರು. ಆಟ 1-1ರಲ್ಲಿ ಸಮವಾಯಿತು; ಪೆನಾಲ್ಟಿ ಒದೆತಗಳಲ್ಲಿ 4-3ರಿಂದ ಗೆದ್ದ ಫಿಲಿಪ್ಪೀನ್ಸ್ ತನ್ನ ಇತಿಹಾಸದಲ್ಲಿ ಮೊಟ್ಟಮೊದಲ ಬಾರಿಗೆ ಫುಟ್ಬಾಲ್ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಪಂದ್ಯಾವಳಿಯ ಆತಿಥೇಯ ರಾಷ್ಟ್ರ ಭಾರತ. ಆದರೆ ಆ ದಿನ ಭಾರತದ ತಂಡವೇ ಪಂದ್ಯಾವಳಿಯಲ್ಲಿರಲಿಲ್ಲ.

ನಡೆದುದು ಹೀಗೆ. ಹನ್ನೆರಡು ರಾಷ್ಟ್ರಗಳ ಆ ಪಂದ್ಯಾವಳಿಗೆ ಭಾರತವು ಅರ್ಹತಾ ಸುತ್ತನ್ನು ಆಡದೆ, ಆತಿಥೇಯವೆಂಬ ಕಾರಣದಿಂದಲೇ ಪ್ರವೇಶ ಪಡೆದಿತ್ತು. ಜನವರಿ 20ರಂದು ನವಿ ಮುಂಬಯಿಯಲ್ಲಿ ಇರಾನಿನೊಡನೆ ಗೋಲಿಲ್ಲದ ಸಮಬಲ. ಮೂರು ದಿನಗಳ ಅನಂತರ ಚೀನೀ ತೈಪೆಯ ವಿರುದ್ಧ ಕಣಕ್ಕಿಳಿಯಬೇಕಾದ ಹೊತ್ತಿಗೆ ಕೋವಿಡ್ ಸೋಂಕು ತಂಡವನ್ನು ಆವರಿಸಿತು. ಪಂದ್ಯ ನಡೆಯಬೇಕಾದರೆ ಕನಿಷ್ಠ 13 ಮಂದಿ ಆಟಗಾರ್ತಿಯರು ಲಭ್ಯರಿರಬೇಕೆಂಬುದು ನಿಯಮ. ಭಾರತಕ್ಕೆ ಆ 13 ಹೆಸರುಗಳನ್ನು ಕೊಡಲಾಗಲಿಲ್ಲ. ತಂಡವು ಹಿಂದೆ ಸರಿದಂತೆ ಪರಿಗಣಿತವಾಯಿತು. ಇರಾನಿನೊಡನೆ ಗಳಿಸಿದ ಒಂದು ಅಂಕವೂ ದಾಖಲೆಯಿಂದ ಅಳಿಸಿಹೋಯಿತು. ಆ ಪಂದ್ಯಾವಳಿಯೇ 2023ರ ವಿಶ್ವಕಪ್ಪಿನ ಏಷ್ಯಾ ವಿಭಾಗದ ಅರ್ಹತಾ ಪರೀಕ್ಷೆಯೂ ಆಗಿದ್ದುದರಿಂದ ಆ ಬಾಗಿಲೂ ಮುಚ್ಚಿತು.

ಸೋಂಕು ಯಾರ ತಪ್ಪೂ ಅಲ್ಲ. ಆದರೂ ಈ ಪ್ರಕರಣ ಒಂದು ವಿಷಯವನ್ನು ಬಿಚ್ಚಿ ತೋರಿಸಿತು. ಆತಿಥ್ಯದಿಂದ ದೊರೆಯುವ ಪ್ರವೇಶವು ಜಾಮೀನಿಲ್ಲದೆ ಸಿಕ್ಕ ಮುಂಗಡದಂತೆ. ಅದು ಕೈಗೆ ಬೇಗ ಬರುತ್ತದೆ, ಆದರೆ ಖಾತೆಯಲ್ಲಿ ಸ್ವಂತದ್ದೆಂದು ಏನೂ ಜಮೆಯಾಗಿರುವುದಿಲ್ಲ. ಅದೇ 2022ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಕೂಡ ಭಾರತದಲ್ಲೇ ನಡೆಯಿತು. ಅಲ್ಲಿಯೂ ಪ್ರವೇಶ ಆತಿಥ್ಯದಿಂದಲೇ. ಅಮೆರಿಕ, ಮೊರಾಕ್ಕೊ, ಬ್ರೆಜಿಲ್ ತಂಡಗಳೊಡನೆ ಆಡಿದ ಮೂರು ಪಂದ್ಯಗಳಲ್ಲಿ ಭಾರತಕ್ಕೆ ಒಂದು ಗೋಲೂ ದಕ್ಕಲಿಲ್ಲ. ಆ ಬಾಲಕಿಯರನ್ನು ದೂರುವುದು ಅನ್ಯಾಯ. ಅವರ ಹಿಂದೆ ಇರಬೇಕಾಗಿದ್ದ ಸಾವಿರಾರು ಬಾಲಕಿಯರು ಮೈದಾನದಲ್ಲೇ ಇರಲಿಲ್ಲವೆಂಬುದು ನಿಜವಾದ ಕೊರತೆ.

ಇನ್ನು ಅರ್ಹತೆಯ ಕ್ರಮವನ್ನು ತುಸು ವಿವರವಾಗಿ ನೋಡಬೇಕು. ಪತ್ರಿಕೆಗಳ ಕ್ರೀಡಾಪುಟಗಳು ಫಲಿತಾಂಶವನ್ನು ಕೊಡುತ್ತವೆಯೇ ಹೊರತು ಈ ಲೆಕ್ಕವನ್ನು ಬಿಡಿಸಿ ಹೇಳುವುದು ಅಪರೂಪ. 2026ರ ಏಷ್ಯಾ ಕಪ್ಪಿನ ಹನ್ನೆರಡು ಸ್ಥಾನಗಳಲ್ಲಿ ಒಂದು ಆತಿಥೇಯ ಆಸ್ಟ್ರೇಲಿಯಾಕ್ಕೆ. ಮೂರು, 2022ರಲ್ಲಿ ಮೊದಲ ಮೂರು ಸ್ಥಾನ ಪಡೆದ ಚೀನಾ, ದಕ್ಷಿಣ ಕೊರಿಯಾ, ಜಪಾನ್‌ಗಳಿಗೆ. ಉಳಿದ ಎಂಟು ಸ್ಥಾನಗಳಿಗೆ 34 ರಾಷ್ಟ್ರಗಳು ಎಂಟು ಗುಂಪುಗಳಲ್ಲಿ ಸೆಣಸಬೇಕಾಗಿತ್ತು. ಪ್ರತಿ ಗುಂಪಿನಿಂದ ಒಂದೇ ಒಂದು ತಂಡ! ಎರಡನೆಯ ಸ್ಥಾನಕ್ಕೆ ಯಾವ ಬೆಲೆಯೂ ಇಲ್ಲ. ಅಲ್ಲಿಂದ ಮುಂದಕ್ಕೆ 2027ರ ಬ್ರೆಜಿಲ್ ವಿಶ್ವಕಪ್ಪಿನ 32 ಸ್ಥಾನಗಳಲ್ಲಿ ಏಷ್ಯಾಕ್ಕೆ ನೇರವಾಗಿ ದೊರೆಯುವುವು ಆರು. ಏಷ್ಯಾ ಕಪ್ಪಿನ ಸೆಮಿಫೈನಲ್ ತಲುಪಿದ ನಾಲ್ವರಿಗೆ ನಾಲ್ಕು, ಕ್ವಾರ್ಟರ್ ಫೈನಲ್‌ನಲ್ಲಿ ಸೋತವರು ತಮ್ಮತಮ್ಮಲ್ಲೇ ಆಡಿ ಗೆಲ್ಲುವ ಎರಡು. ಆ ಆಟದಲ್ಲೂ ಸೋತ ಇಬ್ಬರಿಗೆ ಇತರ ಖಂಡಗಳ ತಂಡಗಳೊಡನೆ ಇನ್ನೊಂದು ಅವಕಾಶ.

ಭಾರತದ ಗುಂಪಿನಲ್ಲಿ ಥಾಯ್ಲೆಂಡ್, ಇರಾಕ್, ಮಂಗೋಲಿಯಾ, ಟಿಮೋರ್-ಲೆಸ್ತೆ ಇದ್ದುವು. ಪಂದ್ಯಗಳು ನಡೆದುದು ಥಾಯ್ಲೆಂಡಿನದೇ ಚಿಯಾಂಗ್ ಮಾಯ್ ನಗರದಲ್ಲಿ. 2015 ಮತ್ತು 2019ರ ಎರಡು ವಿಶ್ವಕಪ್‌ಗಳನ್ನು ಆಡಿದ್ದ ಥಾಯ್ಲೆಂಡನ್ನು ಅದರ ಸ್ವಂತ ನೆಲದಲ್ಲಿ ಮೀರಿಸಬೇಕಾಗಿತ್ತು. 2025ರ ಜೂನ್ 23ರಂದು ಭಾರತವು ಮಂಗೋಲಿಯಾವನ್ನು 13-0ರಿಂದ ಸೋಲಿಸಿದಾಗ, ದುರ್ಬಲ ತಂಡದ ಮೇಲೆ ಇಷ್ಟೊಂದು ಗೋಲುಗಳೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಕಾರಣವಿದೆ. ಅಂಕಗಳು ಸಮವಾಗಿ, ಪರಸ್ಪರ ಪಂದ್ಯವೂ ಸಮವಾದರೆ, ಗಳಿಸಿದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಬರುವ ಶೇಷವೇ ನಿರ್ಣಾಯಕ. ಆದುದರಿಂದ ಹದಿಮೂರನೆಯ ಗೋಲೂ ಒಂದು ಉಳಿತಾಯವೇ. ಟಿಮೋರ್-ಲೆಸ್ತೆಯ ಮೇಲೆ 4-0, ಇರಾಕಿನ ಮೇಲೆ 5-0. ಜುಲೈ 5ರ ಕೊನೆಯ ಪಂದ್ಯಕ್ಕೆ ಮೊದಲು ಭಾರತದ ಲೆಕ್ಕದಲ್ಲಿ ಒಂಬತ್ತು ಅಂಕ, 22 ಗೋಲು, ಖರ್ಚು ಸೊನ್ನೆ. ಥಾಯ್ಲೆಂಡಿನ ಲೆಕ್ಕವೂ ಅಕ್ಷರಶಃ ಅದೇ! ಇಷ್ಟು ಕರಾರುವಾಕ್ಕಾಗಿ ತಾಳೆಯಾಗುವ ಎರಡು ಖಾತೆಗಳನ್ನು ಲೆಕ್ಕಪರಿಶೋಧಕರೂ ನಂಬಲಿಕ್ಕಿಲ್ಲ.

ಆ ಸಂಜೆ ಬಂಗಾಳದ ಸಂಗೀತಾ ಬಸ್ಫೋರ್ ಎರಡು ಗೋಲುಗಳನ್ನು ಹೊಡೆದರು. ಭಾರತ 2-1ರಿಂದ ಗೆದ್ದಿತು. ಅರ್ಹತಾ ಸುತ್ತಿನಲ್ಲಿ ಆಡಿ, ಗೆದ್ದು, ಏಷ್ಯಾ ಕಪ್ಪಿಗೆ ಪ್ರವೇಶ ಪಡೆದುದು ಭಾರತದ ಮಹಿಳೆಯರಿಗೆ ಅದೇ ಮೊದಲು. 2017ರ ಏಪ್ರಿಲಿನಲ್ಲಿ ಪ್ಯೋಂಗ್ಯಾಂಗ್‌ನ ಅರ್ಹತಾ ಸುತ್ತಿನಲ್ಲಿ ದಕ್ಷಿಣ ಕೊರಿಯಾದ ಕೈಯಲ್ಲಿ 0-10ರ ಸೋಲುಂಡಿದ್ದ ತಂಡವಿದು ಎಂಬುದನ್ನು ನೆನೆದರೆ ಎಂಟು ವರ್ಷಗಳ ದುಡಿಮೆಯ ಅಳತೆ ಸಿಗುತ್ತದೆ.

ಹಳೆಯ ದಾಖಲೆಗಳನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. 1979-80ರಲ್ಲಿ ಕೋಳಿಕೋಡಿನಲ್ಲಿಯೂ, 1983ರಲ್ಲಿ ಬ್ಯಾಂಕಾಕಿನಲ್ಲಿಯೂ ಭಾರತದ ಮಹಿಳೆಯರು ಏಷ್ಯಾದಲ್ಲಿ ಎರಡನೆಯ ಸ್ಥಾನ ಪಡೆದಿರಲಿಲ್ಲವೆ? ಪಡೆದಿದ್ದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ಕಾಲದಲ್ಲಿ ಭಾರತದ ಪರವಾಗಿ ಆಡಿದವರು. ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂದುದೂ 1983ರಲ್ಲೇ. ಆದರೆ ಆಗ ಅರ್ಹತಾ ಸುತ್ತೆಂಬುದೇ ಇರಲಿಲ್ಲ. ಪಂದ್ಯಾವಳಿಗೆ ಬರಲೊಪ್ಪಿದ ದೇಶಗಳು ಕೆಲವೇ. 1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದ ಮೇಲೆ ಇತರ ದೇಶಗಳು ಬಾಲಕಿಯರಿಗೆ ಮೈದಾನ, ಶಿಕ್ಷಕಿ, ಶಾಲಾ ಪಂದ್ಯಗಳನ್ನು ಒದಗಿಸತೊಡಗಿದವು. ಭಾರತ ನಿಂತಲ್ಲೇ ನಿಂತಿತು. ಕೈಯಲ್ಲಿದ್ದ ಬಂಡವಾಳವನ್ನು ಬಡ್ಡಿಗೂ ಹಾಕದೆ ಪೆಟ್ಟಿಗೆಯಲ್ಲಿಟ್ಟ ಮನೆತನದಂತೆ.

ಈ ಎಲ್ಲ ವಿವರಗಳಿಗೂ ಕಾತ್ರಜಕ್ಕೂ ಏನು ಸಂಬಂಧವೆಂದು ಕೇಳುವವರು ಕಾತ್ರಜದ ಕೆರೆಯನ್ನು ಒಮ್ಮೆ ನೆನೆಯಬೇಕು. ಪೇಶ್ವೆಯರ ಕಾಲದಲ್ಲಿ ಆ ಕೆರೆಯ ನೀರು ನೆಲದಡಿಯ ಕಾಲುವೆಯಲ್ಲಿ ಹರಿದು ಶನಿವಾರವಾಡೆಯನ್ನು ಮುಟ್ಟುತ್ತಿತ್ತು. ಕಾರಂಜಿ ಚಿಮ್ಮುತ್ತಿದ್ದುದು ವಾಡೆಯಲ್ಲಾದರೂ ನೀರು ಕೂಡುತ್ತಿದ್ದುದು ಕಾತ್ರಜದ ಗುಡ್ಡಗಳ ಬುಡದಲ್ಲಿ. ರಾಷ್ಟ್ರೀಯ ತಂಡದ ಹನ್ನೊಂದು ಮಂದಿಯೂ ಹೀಗೆಯೇ ಎಲ್ಲೋ ಒಂದು ಬಡಾವಣೆಯಲ್ಲಿ, ಹತ್ತು-ಹನ್ನೆರಡರ ವಯಸ್ಸಿನಲ್ಲಿ, ಚೆಂಡನ್ನು ಒದೆಯಲು ಅನುಮತಿ ಪಡೆದವರು. ಮೊದಲನೆಯ ಆಯ್ಕೆ ಸಮಿತಿಯ ಸದಸ್ಯರು ಅವರ ತಂದೆತಾಯಿಯರು.

ಕಾತ್ರಜ, ಆಂಬೇಗಾವ್, ಧನಕವಡಿಗಳ ಕನ್ನಡ ಕುಟುಂಬಗಳಲ್ಲಿ ಈ ಸಮಿತಿಯು ಸಾಮಾನ್ಯವಾಗಿ ಹೇಗೆ ತೀರ್ಮಾನಿಸುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ಮಗನಿಗೆ ಕ್ರಿಕೆಟ್ ತರಬೇತಿ; ಮಗಳಿಗೆ ಸಂಗೀತ, ಭರತನಾಟ್ಯ, ಅವೂ ಏಳನೆಯ ತರಗತಿಯವರೆಗೆ. ಆ ಬಳಿಕ ಟ್ಯೂಷನ್. ಸಂಗೀತ, ನೃತ್ಯಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಹದಿಮೂರು ತುಂಬಿದ ಹುಡುಗಿ ಅಂಗಳಕ್ಕಿಳಿದು ಓಡುವುದನ್ನು ನಿಲ್ಲಿಸುವುದು ಅವಳ ಇಚ್ಛೆಯಿಂದಲ್ಲ, ಮನೆಯವರ ಮುಜುಗರದಿಂದ. ಪರಊರಿನಲ್ಲಿ ಬಾಳುವವರಿಗೆ ಊರಿನವರಿಗಿಂತ ಹೆಚ್ಚು ಅಂಜಿಕೆ. ‘ಇಲ್ಲಿ ಯಾರಾದರೂ ಏನಾದರೂ ಅಂದರೆ?’ ಎಂಬುದರ ಜೊತೆಗೆ ‘ಊರಿನಲ್ಲಿ ಕೇಳಿದರೆ ಏನನ್ನುತ್ತಾರೆ?’ ಎಂಬುದೂ ಸೇರಿಕೊಳ್ಳುತ್ತದೆ.

ದೇಹಕ್ಕೆ ಆಗದೆಂಬ ವಾದವೂ ಉಂಟು. ಇದು ಹೊಸದೇನಲ್ಲ. 1920ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಮಹಿಳೆಯರ ಒಂದು ಪಂದ್ಯಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ನೆರೆದರು. ಮರುವರ್ಷವೇ ಅಲ್ಲಿನ ಫುಟ್ಬಾಲ್ ಸಂಸ್ಥೆಯು, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು, ತನ್ನ ಮೈದಾನಗಳನ್ನು ಅವರಿಗೆ ನಿಷೇಧಿಸಿತು. ನಿಷೇಧ ತೆರವಾಗಲು ಅರ್ಧ ಶತಮಾನ ಬೇಕಾಯಿತು. ಮುಂದೆ ತಾಯ್ತನಕ್ಕೆ ತೊಂದರೆಯಾದೀತೆಂಬ ಭಯಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಹದಿಹರೆಯದಲ್ಲಿ ಓಡಿ, ನೆಗೆದು ಬೆಳೆದ ದೇಹದಲ್ಲಿ ಮೂಳೆ ಗಟ್ಟಿಯಾಗುತ್ತದೆ. ಮುಪ್ಪಿನಲ್ಲಿ ನೆರವಾಗುವುದು ಆಗ ಕೂಡಿಟ್ಟ ಮೂಳೆಯೇ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ.

ನಿಜವಾದ ಅಪಾಯಗಳು ಬೇರೆ ಇವೆ, ಅವನ್ನು ಮರೆಮಾಚಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59.1 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕೆಳಗಿರುವ ಹುಡುಗಿ ಮೈದಾನದಲ್ಲಿ ಹತ್ತೇ ನಿಮಿಷಕ್ಕೆ ದಣಿದರೆ ಅವಳನ್ನು ಸೋಮಾರಿ ಎನ್ನುತ್ತಾರೆ. ಆಟ ಅವಳಿಗೆ ಕೆಡುಕು ಮಾಡಲಿಲ್ಲ. ಇದ್ದ ಕೆಡುಕನ್ನು ಬಯಲಿಗೆ ತಂದಿತು. ಇಂತಹ ಮಗಳಿಗೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆ, ಜಂತುನಾಶಕ ಔಷಧ ಕೊಡಿಸಬೇಕು; ಮನೆಯಲ್ಲಿ ಸೊಪ್ಪು, ಕಾಳು, ಸಜ್ಜೆ-ರಾಗಿಗಳ ಜೊತೆಗೆ ಒಂದು ತುಂಡು ನಿಂಬೆ; ಊಟದ ಬೆನ್ನಿಗೇ ಚಹಾ ಬೇಡ. ಎರಡನೆಯ ಅಪಾಯ ಮೊಣಕಾಲಿನದು. ಮೊಣಕಾಲಿನ ಒಳಗಿನ ಅಸ್ಥಿಬಂಧ ಹರಿಯುವ ಸಂಭವ ಆಟಗಾರರಿಗಿಂತ ಆಟಗಾರ್ತಿಯರಿಗೆ ಹೆಚ್ಚು. ಇದಕ್ಕೂ ಉಪಾಯವುಂಟು. ಫಿಫಾ ಸಂಸ್ಥೆಯು ಪ್ರಚಾರಕ್ಕೆ ತಂದ ಇಪ್ಪತ್ತು ನಿಮಿಷದ ಪೂರ್ವವ್ಯಾಯಾಮವನ್ನು ನಾರ್ವೆಯ 13ರಿಂದ 17 ವಯಸ್ಸಿನ ಬಾಲಕಿಯರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದರಷ್ಟು ಇಳಿದುದು ಕಂಡುಬಂದಿತು. ಅದಕ್ಕೆ ಯಂತ್ರ ಬೇಡ, ಹಣ ಬೇಡ, ಕಲಿಸುವವರು ಬೇಕು.

ಕನ್ನಡದ ಹುಡುಗಿಯನ್ನು ಮಹಾರಾಷ್ಟ್ರದಲ್ಲಿ ಯಾರು ಆಡಿಸುತ್ತಾರೆಂಬ ಸಂಶಯವೂ ಆಗಾಗ ಕೇಳಿಬರುತ್ತದೆ. ಆಟಗಾರ್ತಿಯ ನೋಂದಣಿಗೆ ಬೇಕಾದುದು ವಯಸ್ಸಿನ ದಾಖಲೆಯೇ ಹೊರತು ತಾಯ್ನುಡಿಯಲ್ಲ. ಶಾಲೆಯಿಂದ ಪುಣೆ ಜಿಲ್ಲೆಯ ತಂಡ, ಅಲ್ಲಿಂದ ರಾಜ್ಯದ ತಂಡ, ಅಲ್ಲಿಂದ ರಾಜಮಾತಾ ಜೀಜಾಬಾಯಿಯ ಹೆಸರಿನ ಟ್ರೋಫಿಗಾಗಿ ನಡೆಯುವ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್: ಮೆಟ್ಟಿಲುಗಳು ಸ್ಪಷ್ಟವಾಗಿವೆ. ಎಡವುವುದು ಕಾಗದಪತ್ರದಲ್ಲಿ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿರುತ್ತಾಳೆ. ಮಗು ವಿಜಯಪುರದ ಕಡೆಯ ಯಾವುದೋ ಹಳ್ಳಿಯಲ್ಲಿ ಜನಿಸಿರುತ್ತದೆ. ಜನನದ ದಾಖಲೆಯಲ್ಲಿ ಹೆಸರೇ ಬರೆಸಿರುವುದಿಲ್ಲ, ಅಥವಾ ಶಾಲೆಯಲ್ಲಿ ಬೇರೊಂದು ತಾರೀಖು. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ತಲೆದೋರುವ ಇದೇ ತೊಡಕು ಆಯ್ಕೆಯ ಹೊಸ್ತಿಲಲ್ಲಿ ಹುಡುಗಿಯ ಒಂದು ವರ್ಷವನ್ನೇ ನುಂಗಬಲ್ಲುದು. ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಸರಿಪಡಿಸಿಕೊಂಡು ಬರಲು ಒಂದು ದಿನ ಮೀಸಲಿಟ್ಟರೆ ಸಾಕು.

ಇನ್ನು ಸಂಘಗಳ ಮಾತು. ಪುಣೆಯ ಕನ್ನಡಿಗರು ಶಾಲೆ, ಕಾಲೇಜುಗಳನ್ನು ಕಟ್ಟಿ ನಡೆಸಿಕೊಂಡು ಬಂದವರು. ನಾಟಕ, ಯಕ್ಷಗಾನ, ರಾಜ್ಯೋತ್ಸವಗಳಿಗೆ ಧಾರಾಳವಾಗಿ ವೆಚ್ಚ ಮಾಡುವವರು. ಸಂಘಗಳ ಆಯವ್ಯಯ ಪತ್ರಿಕೆಯಲ್ಲಿ ಬಾಲಕಿಯರ ಕ್ರೀಡೆಗೆಂದು ಒಂದು ಪ್ರತ್ಯೇಕ ಬಾಬು ಇರುವುದು ವಿರಳ. ಇದ್ದರೂ ಅದು ವರ್ಷಕ್ಕೊಮ್ಮೆ ನಿಂಬೆಹಣ್ಣು-ಚಮಚದ ಓಟಕ್ಕೆ ಮುಗಿದುಹೋಗುತ್ತದೆ. ಕಾತ್ರಜದ ಆಸುಪಾಸಿನ ಯಾವುದಾದರೂ ಶಾಲೆಯ ಮೈದಾನವನ್ನು ಭಾನುವಾರ ಬೆಳಗ್ಗೆ ಎರಡು ಗಂಟೆಯ ಮಟ್ಟಿಗೆ ಬಾಡಿಗೆಗೆ ಪಡೆಯುವುದು, ಸಾಧ್ಯವಾದರೆ ಮಹಿಳಾ ತರಬೇತುದಾರರೊಬ್ಬರನ್ನು ನೇಮಿಸುವುದು, ಬಟ್ಟೆ ಬದಲಾಯಿಸಲು ಬಾಗಿಲಿರುವ ಒಂದು ಕೋಣೆ ಮತ್ತು ಶೌಚಾಲಯವನ್ನು ಮೊದಲೇ ಗೊತ್ತುಮಾಡುವುದು, ಸಂಘದ ಸದಸ್ಯರಾಗಿರುವ ವೈದ್ಯರಿಂದ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುವುದು: ಇವು ಯಾವುವೂ ಸಂಘಗಳ ಶಕ್ತಿಗೆ ಮೀರಿದ ಕಾರ್ಯಗಳಲ್ಲ. ಬಾಗಿಲಿರುವ ಕೋಣೆಯ ಮಾತನ್ನು ಕ್ಷುಲ್ಲಕವೆಂದು ಭಾವಿಸುವ ಕಾರ್ಯಕಾರಿ ಸಮಿತಿಯಲ್ಲಿ ಬಹುಶಃ ಮಹಿಳೆಯರಿರಲಿಕ್ಕಿಲ್ಲ.

ಪರೀಕ್ಷೆಗಳಿಗೆ ಅಡ್ಡಿಯಾದೀತೆಂಬ ಆತಂಕಕ್ಕೂ ದಾರಿಯಿದೆ. ಜೂನಿನಿಂದ ಮಳೆ, ಫೆಬ್ರವರಿಯಿಂದ ಪರೀಕ್ಷೆಯ ಸಿದ್ಧತೆ. ನಡುವೆ ಅಕ್ಟೋಬರಿನಿಂದ ಜನವರಿಯವರೆಗೆ ಪುಣೆಯ ಹವೆ ಹಿತವಾಗಿರುತ್ತದೆ, ಭಾನುವಾರಗಳು ಹದಿನೇಳು-ಹದಿನೆಂಟು. ರಾಜ್ಯೋತ್ಸವದ ಭಾನುವಾರವನ್ನು ಬಿಟ್ಟರೂ ಹದಿನಾರು ಉಳಿಯುತ್ತವೆ. ಹೆಸರು ನೋಂದಾಯಿಸುವ ಕೆಲಸವನ್ನು ಗಣೇಶೋತ್ಸವದ ಹೊತ್ತಿಗೆ, ಎಲ್ಲ ಕುಟುಂಬಗಳೂ ಒಂದೆಡೆ ಕೂಡಿರುವಾಗ, ಆರಂಭಿಸುವುದು ಅನುಕೂಲ.