ಮೂರೇ ಅಳತೆ ಸಾಕು, ಆದರೆ ಯಾವ ಮೂರು?

ತ್ರಿಭುಜಕ್ಕೆ ಮೂರು ಬಾಹು, ಮೂರು ಕೋನ. ಒಟ್ಟು ಆರು ಅಳತೆ. ಎರಡು ತ್ರಿಭುಜಗಳು ಸರ್ವಸಮ ಎನ್ನಬೇಕಾದರೆ ಒಂದನ್ನು ಎತ್ತಿ, ಬೇಕಿದ್ದರೆ ಮಗುಚಿ, ಇನ್ನೊಂದರ ಮೇಲಿಟ್ಟಾಗ ಅಂಚಿಗೆ ಅಂಚು ಕೂಡಬೇಕು. ಹಾಗೆಂದು ಸಾಧಿಸುವಾಗ ಆರನ್ನೂ ತೋರಿಸಬೇಕಿಲ್ಲ. ಸರಿಯಾದ ಮೂರು ಸಿಕ್ಕರೆ ಉಳಿದ ಮೂರು ತಾವಾಗಿಯೇ ಹೊಂದುತ್ತವೆ. ಬಾಕೋಬಾ (ಬಾಹು-ಕೋನ-ಬಾಹು), ಕೋಬಾಕೋ, ಬಾಬಾಬಾ ಎಂದು ಶಾಲೆಯ ಮಕ್ಕಳು ಉರುಹೊಡೆಯುವುದು ಆ ಮೂರರ ಪಟ್ಟಿಯನ್ನೇ.

ಯಾವುದೋ ಮೂರು ಆಗದು. ಮೂರು ಕೋನ ಸಮವಾದರೆ ಆಕಾರ ಒಂದೇ, ಗಾತ್ರ ಬೇರೆಯಾಗಬಹುದು. ಇದು ಬೇಗ ತಿಳಿಯುತ್ತದೆ. ಮಕ್ಕಳು ಎಡವುವುದು ಎರಡು ಬಾಹು ಮತ್ತು ಅವುಗಳ ನಡುವೆ ಇಲ್ಲದ ಕೋನ ಕೊಟ್ಟಾಗ. ಬರೆದೇ ನೋಡಿ. ಎ ಬಿಂದುವಿನಲ್ಲಿ 30 ಡಿಗ್ರಿ ಕೋನ ಹಾಕಿ, ಒಂದು ಗೆರೆಯ ಮೇಲೆ 10 ಸೆಂಟಿಮೀಟರ್ ದೂರದಲ್ಲಿ ಬಿ ಗುರುತಿಸಿ. ಇನ್ನೊಂದು ಗೆರೆಯನ್ನು ಉದ್ದಕ್ಕೆ ಎಳೆಯಿರಿ. ಕೈವಾರವನ್ನು 6 ಸೆಂಟಿಮೀಟರಿಗೆ ಅಗಲಿಸಿ, ಮುಳ್ಳನ್ನು ಬಿ ಮೇಲೂರಿ ಕಂಸ ಎಳೆದರೆ ಅದು ಆ ಉದ್ದನೆಯ ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ: ಎ ಬಿಂದುವಿನಿಂದ ಸುಮಾರು 5.3 ಮತ್ತು 12 ಸೆಂಟಿಮೀಟರ್ ದೂರದಲ್ಲಿ. ಅದೇ 10, ಅದೇ 6, ಅದೇ 30. ತ್ರಿಭುಜ ಮಾತ್ರ ಎರಡು! ಕೋನವು ಕೊಟ್ಟ ಎರಡು ಬಾಹುಗಳ ನಡುವೆಯೇ ಇದ್ದಿದ್ದರೆ ಈ ಗೊಂದಲಕ್ಕೆ ಜಾಗವಿರುತ್ತಿರಲಿಲ್ಲ. (ಲಂಬಕೋನವಾದರೆ ಮಾತು ಬೇರೆ, ಅದಕ್ಕೆ ಪ್ರತ್ಯೇಕ ನಿಯಮವೇ ಇದೆ.) ಈ ಎರಡು ತ್ರಿಭುಜಗಳನ್ನು ಪ್ರತಿ ಮಗುವೂ ಒಮ್ಮೆ ಕೈಯಾರೆ ಬರೆಯಬೇಕು. ಬಾಯಿಪಾಠ ಆಮೇಲಿರಲಿ.

ಇಷ್ಟು ಕಟ್ಟುನಿಟ್ಟು ಯಾಕೆ? ಕೈಗೆಟುಕದ್ದನ್ನೂ ನಂಬಿಕೆಯಿಂದ ಅಳೆಯಲು. ಪ್ರಾಚೀನ ಗ್ರೀಕ್ ಚಿಂತಕ, ಮಿಲೆಟಸ್‌ನ ಥೇಲ್ಸ್ ಕಡಲಲ್ಲಿದ್ದ ಹಡಗಿನ ದೂರ ಹೇಳಲು ಇಂಥದೇ ಪ್ರಮೇಯ ಬಳಸಿರಬೇಕು ಎಂಬ ಮಾತನ್ನು 5ನೇ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಪ್ರೋಕ್ಲಸ್ ದಾಖಲಿಸಿದ್ದಾನೆ. ವಿದ್ವಾಂಸರು ಊಹಿಸುವ ಒಂದು ದಾರಿ ಹೀಗಿದೆ. ಹಡಗಿನ ನೇರಕ್ಕೆ ದಡದಲ್ಲಿ ನಿಂತು, ಆ ನೋಟಕ್ಕೆ ಲಂಬವಾಗಿ ದಡದುದ್ದಕ್ಕೂ 50 ಹೆಜ್ಜೆ ನಡೆದು ಗೂಟ ನೆಡಿ. ಅದೇ ಗೆರೆಯಲ್ಲಿ ಇನ್ನೂ 50 ಹೆಜ್ಜೆ ಹೋಗಿ, ಅಲ್ಲಿಂದ ಲಂಬವಾಗಿ ಒಳನಾಡಿನತ್ತ ತಿರುಗಿ ನಡೆಯಿರಿ. ಹಿಂದಿರುಗಿ ನೋಡಿದಾಗ ಗೂಟವೂ ಹಡಗೂ ಒಂದೇ ನೇರಕ್ಕೆ ಬಂದಲ್ಲಿ ನಿಲ್ಲಿ.

ಈಗ ಸಾಧನೆ. ಗೂಟದ ಎರಡೂ ಬದಿ 50 ಹೆಜ್ಜೆ, ಬಾಹು ಸಮ. ಎರಡೂ ತುದಿಯಲ್ಲಿ ಲಂಬಕೋನ. ಗೂಟದ ಬಳಿ ಇರುವುದು ಶೃಂಗಾಭಿಮುಖ ಕೋನಗಳು, ಅವೂ ಸಮ. ಆ ಬಾಹು ಎರಡು ಕೋನಗಳ ನಡುವೆಯೇ ಇದೆ, ಆದ್ದರಿಂದ ಕೋಬಾಕೋ. ಪ್ರತಿ ಸಾಲಿಗೂ ಕಾರಣವಿದೆ. ‘ಚಿತ್ರದಲ್ಲಿ ಹಾಗೆ ಕಾಣುತ್ತದೆ’ ಎಂಬ ಮಾತು ಎಲ್ಲೂ ಬಂದಿಲ್ಲ. ತ್ರಿಭುಜಗಳು ಸರ್ವಸಮವಾದ ಮೇಲೆ ಅನುರೂಪ ಬಾಹುಗಳೂ ಸಮ. ಹಡಗಿನ ದೂರ ಬೇಕೆಂದರೆ ಒಳನಾಡಿನತ್ತ ನಡೆದ ಹೆಜ್ಜೆಗಳನ್ನು ಎಣಿಸಿದರಾಯಿತು.