ಕಣ್ಣಿಗೆ ಸುಂಕು ಬಡಿದ್ರೆ ಅದೇ ದಿನ ತೋರಿಸ್ರಿ

ನೆಲ್ಲು ಕೊಯ್ಲು ಹತ್ತಿರ ಬಂತು. ಮಷೀನ್ ಹಿಂದ ಹೊಟ್ಟು, ಸುಂಕು ಹಾರ್ತಾವ. ಹತ್ತಿ ಬಿಡಿಸೋ ಹೆಣ್ಮಕ್ಕಳ ಕಣ್ಣಿಗೆ ಒಣ ಕಡ್ಡಿ ಚುಚ್ಚತೈತಿ. ಕಣ್ಣು ತಿಕ್ಕೊಂಡು ಮತ್ತೆ ಕೆಲಸಕ್ಕ ನಿಲ್ಲೋದು ನಮ್ಮ ರೂಢಿ. ನಾಲ್ಕು ದಿನಕ್ಕ ಕರಿಗುಡ್ಡಿ ಮ್ಯಾಲ ಬಿಳಿ ಹುಣ್ಣು. ಅದು ಮಾಯ್ದ ಮ್ಯಾಲ ಉಳಿಯೋ ಕಲೆಗೇ ನಾವು ‘ಹೂ ಬಿತ್ತು’ ಅನ್ನೋದು.

ಹಿಂದ ಕಣ್ಣು ಕೆಡಸ್ತಿದ್ದದ್ದು ಟ್ರಕೋಮಾ, ಮಕ್ಕಳಿಗೆ ಎ ಜೀವಸತ್ವದ ಕೊರತೆ. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಈಗ ಹೊಲದ ಗೀರು ಗಾಯದ್ದೇ ದೊಡ್ಡ ಕಾಟ. ಪಟ್ಟಣದಾಗ ಲೆನ್ಸ್ ಹಾಕೊಂಡು ಮಲಗೋರಿಗೆ ಸೂಡೊಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಹೆಚ್ಚು. ನಮ್ಮಂಥೋರಿಗೆ ನ್ಯುಮೋನಿಯಾ ತರೋ ನ್ಯುಮೊಕಾಕಸ್, ಅದರ ಜೋಡಿ ಫ್ಯುಸೇರಿಯಂ ಶಿಲೀಂಧ್ರ. ಹೌದು, ತೊಗರಿಗೆ ನೆಟೆ ರೋಗ ತರೋ ಅದೇ ಕುಲದ್ದು! 1994ರಲ್ಲಿ ಮದುರೈಯಲ್ಲಿ ಮೂರು ತಿಂಗಳು 434 ರೋಗಿಗಳನ್ನು ಪರೀಕ್ಷಿಸಿದಾಗ, ಕಾರಣ ಸಿಕ್ಕವರಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಹೆಚ್ಚುಕಮ್ಮಿ ಸರಿಸಮ ಇದ್ದವು.

ಎರಡೂ ಹೊರಗ ಒಂದೇ ಕೆಂಪು. ಒಂದರ ಔಷಧ ಇನ್ನೊಂದಕ್ಕ ನಾಟಂಗಿಲ್ಲ. ಹುಣ್ಣು ಕೆರೆದು ಸೂಕ್ಷ್ಮದರ್ಶಕದಾಗ ನೋಡಬೇಕು. ನಾವು ಮಾತ್ರ ಔಷಧ ಅಂಗಡಿ ಮುಂದ ನಿಂತು ‘ಕಣ್ಣು ಕೆಂಪಾಗೈತಿ’ ಅಂತೀವಿ, ಅವರು ಡೆಕ್ಸಾಮೆಥಾಸೋನ್ ಇರೋ ಡ್ರಾಪ್ಸ್ ಕೊಡ್ತಾರ. ಸ್ಟೆರಾಯ್ಡ್ ಅದು. ಕೆಂಪು ಇಳಿತೈತಿ, ಉರಿ ಕಮ್ಮಿ ಆಗತೈತಿ, ಒಳಗ ಶಿಲೀಂಧ್ರ ಬೆಳಿತೈತಿ. ನೆಟೆ ಬಿದ್ದ ತೊಗರಿಗೆ ಯೂರಿಯಾ ಹಾಕಿದಂಗ. ನಾಲಿಗಿಲಿಂದ ಹೊಟ್ಟು ತೆಗೆಸೋದನ್ನೂ ಬಿಡ್ರಿ. ಹಿರಿಯರ ಮ್ಯಾಲ ಗೌರವ ಐತಿ, ಆದ್ರ ನ್ಯುಮೊಕಾಕಸ್ ಇರೋದೇ ಮೂಗು, ಗಂಟಲಾಗ.

ನೇಪಾಳದ ಭಕ್ತಪುರದಾಗ ಊರಿನ ಆರೋಗ್ಯ ಕಾರ್ಯಕರ್ತರೇ ಗೀರಿದ ಕಣ್ಣಿಗೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದ್ರು. 18 ತಾಸಿನೊಳಗ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡ ಮಾಡಿದ ಕೆಲವರಿಗೆ ಆಯಿತು. 2001ರಲ್ಲೇ ಇದು ಪ್ರಕಟವಾಗೈತಿ. ಕೊಯ್ಲಿಗೆ ಮುಂಚೆ ನಮ್ಮ ಆಶಾ ಕಾರ್ಯಕರ್ತೆಯರಿಗೂ ಇಂಥ ತರಬೇತಿ, ಮುಲಾಮು ಕೊಡ್ರಿ ಅಂತ ಗ್ರಾಮಸಭೆಯಾಗ ಕೇಳೋಣ.

ದಿನದ ಕೂಲಿ ಹೋಗತೈತಿ ಅಂತ ಆಳು ಸುಮ್ಮನಿರ್ತಾರ, ಅದು ಖರೆ. ಕಣ್ಣಿಗೆ ಬಡಿದ ದಿನ ಪೂರ್ತಿ ಕೂಲಿ ಕೊಟ್ಟು ಹೊಲದ ಒಡೆಯನೇ ದವಾಖಾನಿಗೆ ಕಳಿಸಬೇಕು ಅಂತೀನಿ ನಾನು. ಸಾದಾ ಕನ್ನಡಕ ಸಹ ಕೊಡಿಸಬಹುದು. ಬಿಳಿ ಚುಕ್ಕಿ ಕಂಡ್ರ ಅವತ್ತೇ ರಾಯಚೂರು ರಿಮ್ಸ್‌ಗೆ ಹೋಗ್ರಿ, ಅಲ್ಲಿತನಕ ಹಾಕಿದ ಡ್ರಾಪ್ಸ್ ಬಾಟ್ಲಿ ಮರೀದೆ ಒಯ್ರಿ.